ಕುಂಬಾರ ಕಟ್ಟಿದ ಪರದೇಶ

"ಗುರುಗಳೇ, ಇನ್ನೂ ಕಣ್ಣಿಂದ ನೋಡದ ದೇಶದ ಬಗ್ಗೆ ಇಷ್ಟೊಂದು ಹಿಗ್ಗುವುದು ತಪ್ಪಲ್ಲವೇ?"

ಹೀಗೆ ಕೇಳಿದವನು ಚನ್ನವೀರ. ಮಠದಲ್ಲಿ ಅವನ ಓದು ಮುಗಿದಿತ್ತು. ಬೆನ್ನಿಗೊಂದು ಚೀಲ ಹಾಕಿಕೊಂಡು ನೇಪಾಳವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದು ನೋಡಬೇಕೆಂದು ಹೊರಟಿದ್ದ. ಹೊರಟಿದ್ದ ಎಂದರೆ ಹೊಸ್ತಿಲು ಇನ್ನೂ ದಾಟಿರಲಿಲ್ಲ. ಕೋಣೆಯ ಗೋಡೆಗೆ ನಕ್ಷೆ ಅಂಟಿಸಿಕೊಂಡಿದ್ದ. ಅವನ ಬಾಯಿಂದ ಕೇಳಿ ಕೇಳಿ ಮಠದ ಅಡುಗೆಯವರಿಗೂ ಆ ದೇಶದ ನದಿಗಳ ಹೆಸರುಗಳು ಬಾಯಿಪಾಠವಾಗಿದ್ದವು. ಅಪ್ಪಣೆ ಕೇಳಿದ ದಿನ ಬಿಟ್ಟರೆ ಗುರುಗಳ ಮುಂದೆ ಮಾತ್ರ ನಾಚಿಕೊಂಡು ಆ ಮಾತೆತ್ತಿರಲಿಲ್ಲ.

ಹಿಂದಿನ ದಿನ ಮಠಕ್ಕೆ ಬಂದ ಭಕ್ತರೊಬ್ಬರು, ನೇಪಾಳಕ್ಕೆ ನಾನೂ ಹೋಗಿಬಂದಿದ್ದೇನೆ, ಅಂಥದ್ದೇನಿಲ್ಲ ಬಿಡಿ, ಎಂದುಬಿಟ್ಟಿದ್ದರು. ಚನ್ನವೀರನಿಗೆ ಆಗಿನಿಂದ ಊಟ ಸೇರಲಿಲ್ಲ. ಅಲ್ಲಿ ಹೋಗಿ ನಿಂತಾಗ ಇಷ್ಟೇನಾ ಅನ್ನಿಸಿದರೆ ಗತಿಯೇನು, ಅದರ ಬದಲು ಚೀಲ ಬಿಚ್ಚಿಟ್ಟು ಸುಮ್ಮನೆ ಇದ್ದುಬಿಡಲೇ ಎಂದು ಗುರುಗಳನ್ನು ಕೇಳಿದ.

ದುಃಖಕ್ಕೆ ಮದ್ದು ಕೇಳಿಕೊಂಡು ಬರುವವರನ್ನು ದಿನವೂ ನೋಡುತ್ತೇನೆ, ಸಂತೋಷಕ್ಕೆ ಮದ್ದು ಕೇಳಿದವನು ನೀನೊಬ್ಬನೇ, ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕುಂಬಾರನಿದ್ದ. ಒಮ್ಮೆ ಆ ಊರಿಗೆ ಬಂದ ವ್ಯಾಪಾರಿಯೊಬ್ಬ ಮಳೆ ಹಿಡಿದುಕೊಂಡದ್ದರಿಂದ ಕುಂಬಾರನ ಜಗಲಿಯಲ್ಲೇ ತಂಗಿದ. ಅವನು ಕಡಲಾಚೆಯ ಒಂದು ದೇಶವನ್ನು ಕಂಡುಬಂದಿದ್ದ. ಮಳೆ ಬಿಡುವವರೆಗೂ ಅದರ ಮಾತೇ ಆಡಿದ. ಮಳೆ ಬಿಟ್ಟಿತು, ವ್ಯಾಪಾರಿ ಹೋದ, ಆದರೆ ದೇಶ ಕುಂಬಾರನ ಮನೆಯಲ್ಲೇ ಉಳಿದುಕೊಂಡಿತು.

ಆ ದೇಶವನ್ನು ಬಡಗಣ ಕಡಲಿನಿಂದ ತೆಂಕಣ ಕಡಲಿನವರೆಗೆ ಕಾಲ್ನಡಿಗೆಯಲ್ಲೇ ನೋಡಬೇಕು ಎಂದು ಕುಂಬಾರನಿಗೆ ಆಸೆ ಹುಟ್ಟಿತು. ಬೇರೆ ಯಾವ ದೇಶವೂ ಅವನಿಗೆ ಬೇಕಿರಲಿಲ್ಲ. ಅದೊಂದೇ ಸಾಕು, ಆದರೆ ಅದು ಪೂರ್ತಿಯಾಗಿ ಬೇಕು. ಹೆಂಡತಿಗೆ ಹೇಳಿದ. ಅವಳು ಗದರಿಸುತ್ತಾಳೆಂದುಕೊಂಡಿದ್ದ. ಅವಳು ತಾನೂ ನೋಡಬೇಕು ಎಂದಳು.

ಈಗ ಕಷ್ಟ ಬಂತು. ಗಂಡಹೆಂಡಿರಿಬ್ಬರಿಗೂ ಮಡಕೆ ತಿರುಗಿಸುವ ತಿಗರಿಯ ಕೆಲಸ ಗೊತ್ತಿತ್ತು, ಆದರೆ ಊರಿಗೆ ಇದ್ದದ್ದು ಅದೊಂದೇ ತಿಗರಿ. ಇಬ್ಬರೂ ಒಟ್ಟಿಗೆ ಹೋದರೆ ಊರಿನವರು ಯಾವುದರಲ್ಲಿ ನೀರು ಕಾಯಿಸಬೇಕು? ಯೋಚನೆ ಮಾಡಿ ಮಾಡಿ ಅವಳೇ ತೀರ್ಮಾನಿಸಿದಳು.

"ಈ ಸಲ ನೀವು ಹೋಗ್ಬನ್ನಿ. ನಡೆಯೋಕೆ ತಕ್ಕ ದೇಶ ಅಂತ ನೀವು ಬಂದು ಹೇಳಿದ್ರೆ, ಬರೋ ವರ್ಷ ನೀವು ಮಣ್ಣು ತುಳೀರಿ, ನಾನು ಹೋಗ್ತೀನಿ. ಅಲ್ಲ ಅಂದ್ರೆ ಇಬ್ಬರ ಕಾಲೂ ಯಾಕೆ ಸವೀಬೇಕು?"

ಅಂದಿನಿಂದ ಆ ಮನೆಯಲ್ಲಿ ತಯಾರಿ ಶುರುವಾಯಿತು.

ಕುಂಬಾರನಿಗೆ ಓದುಬರಹ ಬರುತ್ತಿರಲಿಲ್ಲ. ಅವನು ದೇಶವನ್ನು ಅಂಗಳದಲ್ಲಿ ಮಣ್ಣಿನಿಂದ ಕಟ್ಟಿದ. ಮೊದಲು ಎರಡು ಕಡಲು, ನಡುವೆ ಒಂದು ದೊಡ್ಡ ಹೊಳೆ, ಹೊಳೆಯ ಆಚೆ ಗುಡ್ಡದ ಸಾಲು. ವ್ಯಾಪಾರಿ ಮತ್ತೆ ಬಂದಾಗ ಅವನನ್ನು ಕೂರಿಸಿಕೊಂಡು, ಇಲ್ಲಿ ಊರಿದೆಯೇ, ಅಲ್ಲಿ ಕಾಡಿದೆಯೇ, ಮಲಗಲು ಛತ್ರವಿದೆಯೇ ಎಂದು ಜೀವ ತಿಂದ. ಆ ದೇಶದ ನುಡಿಯನ್ನೂ ಅವನಿಂದಲೇ ಕಲಿತ. ದಿನ ಬೆಳಗಾದರೆ ತಿಗರಿಯ ಮುಂದೆ ಕೂತು ಆ ಮಾತುಗಳಲ್ಲಿ ನೀರು ಕೇಳುತ್ತಿದ್ದ, ದಾರಿ ಕೇಳುತ್ತಿದ್ದ. ಹೆಂಡತಿ ಒಳಗಿನಿಂದಲೇ ಅದೇ ನುಡಿಯಲ್ಲಿ ನೀರಿಲ್ಲ ಎನ್ನುತ್ತಿದ್ದಳು.

ಸಂಜೆಯಾದರೆ ಊರಿನವರು ದೇಶ ನೋಡಲು ಬರತೊಡಗಿದರು. ಬಂದವರು ಬರಿಗೈಲಿ ಬರಲಿಲ್ಲ. ಒಬ್ಬ ತನ್ನ ಸೋದರಮಾವನಿಂದ ಕೇಳಿದ್ದ ಬೆತ್ತದ ಸೇತುವೆಯನ್ನು ತಂದ. ಇನ್ನೊಬ್ಬಳು ಬಿಸಿನೀರಿನ ಬುಗ್ಗೆಯೊಂದನ್ನು ಸೇರಿಸಿದಳು, ಅದು ಆ ದೇಶದ್ದೇ ಎಂದು ಅವಳಿಗೂ ಗ್ಯಾರಂಟಿಯಿರಲಿಲ್ಲ. ಕುಂಬಾರ ಯಾರಿಗೂ ಇಲ್ಲವೆನ್ನಲಿಲ್ಲ. ಹೊಳೆಯ ದಂಡೆ ಹಿಡಿದು ಹೋಗಬೇಕೋ ಗುಡ್ಡ ಹತ್ತಿ ಇಳಿಯಬೇಕೋ ಎಂಬ ಬಗ್ಗೆ ಇಬ್ಬರು ನೆರೆಯವರಿಗೆ ಜಗಳವಾಗಿ ಮಾತು ನಿಂತುಹೋಯಿತು. ಇಬ್ಬರೂ ತಮ್ಮ ಊರಿನ ಸಂತೆ ಬಿಟ್ಟು ಆಚೆ ಹೋದವರಲ್ಲ.

ದೇಶ ಬೆಳೆದು ಬೆಳೆದು ಅಂಗಳದಲ್ಲಿ ಮಡಕೆ ಒಣಗಿಸಲು ಜಾಗವಿಲ್ಲದಂತಾಯಿತು. ಹೆಂಡತಿ ತಾನೇ ಮಡಕೆಗಳನ್ನು ಹಿತ್ತಿಲಿಗೆ ಹೊತ್ತಳು. ಅಷ್ಟೇ ಅಲ್ಲ, ದೇಶ ಬಿರುಕು ಬಿಡಬಾರದೆಂದು ದಿನವೂ ಅದಕ್ಕೆ ನೀರು ಚಿಮುಕಿಸಿ ಒದ್ದೆ ಗೋಣಿ ಹೊದಿಸುತ್ತಿದ್ದಳು.

ಚೀಲವನ್ನೂ ಅವಳೇ ಹೊಲಿದಳು. ಕುಂಬಾರ ಅದರೊಳಗೆ ಹಸಿಮಣ್ಣಿನ ಉಂಡೆಗಳನ್ನು ತುಂಬಿ ಬೆನ್ನಿಗೆ ಹಾಕಿಕೊಂಡು, ಭಾರ ಅಭ್ಯಾಸವಾಗಲೆಂದು ಕೆರೆಯ ಏರಿಯ ಮೇಲೆ ಹೋಗಿ ಬರುತ್ತಿದ್ದ. ಸವಾರಿ ಎಲ್ಲಿಯವರೆಗೆ ಬಂತು ಎಂದು ಜನ ಚುಡಾಯಿಸಿದರೆ, ಇವತ್ತು ಬೆತ್ತದ ಸೇತುವೆ ದಾಟಿದೆ ಎಂದು ಗಂಭೀರವಾಗಿಯೇ ಹೇಳುತ್ತಿದ್ದ. ಕೆಲವು ದಿನ ಕಳೆಯುವಷ್ಟರಲ್ಲಿ ಜನ ಚುಡಾಯಿಸುವುದನ್ನು ಬಿಟ್ಟು ನಿಜವಾಗಿಯೂ ಕೇಳತೊಡಗಿದರು. ಅಷ್ಟು ಹಿಗ್ಗು ಆ ಊರು ಅದುವರೆಗೆ ಕಂಡಿರಲಿಲ್ಲ.

ಹೊರಡುವ ದಿನ ಬಂತು. ಚೀಲಕ್ಕೆ ಅವನು ಇಟ್ಟಿದ್ದರಲ್ಲಿ ಅರ್ಧವನ್ನು ಹೆಂಡತಿ ಹೊರಗೆ ತೆಗೆದಳು. ಒಂದು ಮಡಕೆಯನ್ನೂ ಇಟ್ಟುಕೊಂಡಿದ್ದ. ಅದು ಬೇಕಾದರೆ ಅಲ್ಲೇ ಮಾಡಿಕೊಳ್ಳಿ ಎಂದು ಅದನ್ನೂ ಕಿತ್ತುಕೊಂಡಳು. ಉಳಿದದ್ದು ಕಂಬಳಿ, ಬಟ್ಟೆ, ಹುರಿಹಿಟ್ಟು. ಅವನು ಹಗುರಾಗಿ ಹೊರಟ.

ಹಡಗು ಇಳಿದವನೇ ಮಂಡಿಯೂರಿ ಆ ನೆಲದ ಮಣ್ಣನ್ನು ಎಳೆ ಮಾಡಿ ಬೆರಳಿಗೆ ಸುತ್ತಿ, ಬಿರಿಯುತ್ತದೆಯೇ ಎಂದು ನೋಡಿದ. ಒಳ್ಳೆಯ ಮಣ್ಣು. ಸಂತೋಷದಿಂದ ಕಣ್ಣಲ್ಲಿ ನೀರು ಬಂತು.

ಆದರೆ ನಡೆಯುತ್ತ ಹೋದಂತೆ ಏನೋ ತಪ್ಪಿತು. ಸಂಜೆಗೆ ತಲುಪಬೇಕಾದ ಊರು ಮಧ್ಯಾಹ್ನಕ್ಕೇ ಬಂದುಬಿಡುತ್ತಿತ್ತು. ಇಡೀ ದಿನದ ಕಾಡು ಎಂದುಕೊಂಡಿದ್ದು ಬಿಸಿಲೇರುವ ಮೊದಲೇ ಮುಗಿಯುತ್ತಿತ್ತು. ದೊಡ್ಡ ಹೊಳೆ ದೊಡ್ಡದೇ, ಆದರೆ ಅವನು ಕಟ್ಟಿದಷ್ಟು ದೊಡ್ಡದಲ್ಲ. ಬೆತ್ತದ ಸೇತುವೆ ಸಿಕ್ಕಿತು. ಬುಗ್ಗೆ ಸಿಗಲಿಲ್ಲ. ಹೋದಲ್ಲೆಲ್ಲ ಚೀಲ ಇಳಿಸಿ, ಇಷ್ಟೇನಾ ಎನ್ನುವುದು ರೂಢಿಯಾಯಿತು. ದೇಶದ ನಡುಭಾಗಕ್ಕೆ ಬರುವಷ್ಟರಲ್ಲಿ ಅವನಿಗೆ ಮುಂದಿನ ಗುಡ್ಡ ಹತ್ತುವ ಮನಸ್ಸೇ ಹೋಯಿತು. ಹಿಂದಿರುಗುವುದೆಂದು ನಿರ್ಧರಿಸಿದ.

ತನಗಾದ ನಿರಾಸೆಯನ್ನು ಅವನು ಹೇಗೋ ನುಂಗಿಕೊಳ್ಳುತ್ತಿದ್ದ. ಆದರೆ ಊರಿನಲ್ಲಿ ಹೆಂಡತಿ ಕಾದಿದ್ದಳು. ಅವನು ಹೋಗಿ ನಡೆಯಲು ತಕ್ಕ ದೇಶವಲ್ಲವೆಂದರೆ ಅವಳ ಸರದಿ ಅಲ್ಲಿಗೇ ಮುಗಿಯಿತು. ಸುಳ್ಳು ಹೇಳಿ ಕಳಿಸಿದರೆ ಅವಳೂ ಇದೇ ಜಾಗದಲ್ಲಿ ಬಂದು ಹೀಗೇ ಕೂರಬೇಕು.

ಗುಡ್ಡದ ಬುಡದಲ್ಲಿ ಮಡಕೆ ಸುಡುವ ಆವಿಗೆಯ ಹೊಗೆ ಕಂಡಿತು. ಎಲ್ಲಿದ್ದರೂ ಕುಂಬಾರನ ಕಾಲು ಆ ಹೊಗೆಯ ಕಡೆಗೇ ತಿರುಗುತ್ತದೆ. ಅಲ್ಲಿ ಒಬ್ಬ ಹೆಂಗಸು ಮಡಕೆ ಮಾಡುತ್ತಿದ್ದಳು. ಅವಳು ಕೇಳದಿದ್ದರೂ ಇವನು ಕಾಲು ತೊಳೆದುಕೊಂಡು ಅವಳ ಮಣ್ಣು ತುಳಿದುಕೊಟ್ಟ. ಅವಳು ಗಂಜಿ ಕೊಟ್ಟಳು. ಏನು ನೋಡಲು ಇಷ್ಟು ದೂರ ಬಂದೆ ಎಂದು ಕೇಳಿದಳು.

ಅವನು ಕಲಿತಿದ್ದ ಮಾತುಗಳು ನೀರು ಕೇಳಲು, ದಾರಿ ಕೇಳಲು ಸಾಕಾಗುತ್ತಿದ್ದವು, ಇದಕ್ಕೆ ಸಾಲಲಿಲ್ಲ. ಅವಳ ಮಣ್ಣನ್ನೇ ತೆಗೆದುಕೊಂಡು ನೆಲದ ಮೇಲೆ ಕಟ್ಟಿ ತೋರಿಸಿದ. ಕಡಲು, ಹೊಳೆ, ಸೇತುವೆ, ಇಲ್ಲದ ಬುಗ್ಗೆ, ಗುಡ್ಡದ ಸಾಲು. ಕಟ್ಟುತ್ತ ಕಟ್ಟುತ್ತ ಅವನ ಮುಖಕ್ಕೆ ಕಳೆ ಬಂತು, ನಿರಾಸೆ ಮರೆತೇಹೋಯಿತು. ಅವಳು ತಿಗರಿ ನಿಲ್ಲಿಸಿ ಎದ್ದು ಬಂದು ಪಕ್ಕದಲ್ಲಿ ಕೂತಳು. ಈ ದೇಶ ಎಲ್ಲಿದೆ, ತುಂಬ ದೂರವೇ, ನನ್ನ ಕೈಲಿ ಹೋಗಲು ಆಗುತ್ತದೆಯೇ ಎಂದು ಆಸೆಯಿಂದ ಕೇಳಿದಳು.

ಕುಂಬಾರನಿಗೆ ನಾಚಿಕೆಯಾಯಿತು. ಇದು ನಿನ್ನದೇ ದೇಶ ಎಂದ.

ಅವಳು ಮಣ್ಣಿನ ಗುಡ್ಡವನ್ನು ನೋಡಿದಳು, ತಲೆಯೆತ್ತಿ ಎದುರಿನ ಗುಡ್ಡವನ್ನು ನೋಡಿದಳು.

"ಮತ್ತೆ ಅಳತೆ ಮೀರಿ ಇಷ್ಟು ದೊಡ್ಡದಾಗಿ ಏಕೆ ಮಾಡಿದೆ?"

"ಒಣಗಿದರೆ ಕುಗ್ಗುತ್ತದಲ್ಲ," ಎಂದ ಕುಂಬಾರ.

ಹೇಳಿದ ಮೇಲೆ ಅವನಿಗೇ ಹೊಳೆಯಿತು. ಹಸಿಮಣ್ಣು ಒಣಗಿದರೆ ಕುಗ್ಗುತ್ತದೆ, ಸುಟ್ಟರೆ ಮತ್ತೂ ಕುಗ್ಗುತ್ತದೆ. ಅದಕ್ಕೇ ಕುಂಬಾರರು ಯಾವ ಮಡಕೆಯನ್ನಾದರೂ ಬೇಕಾದ ಅಳತೆಗಿಂತ ಚೂರು ದೊಡ್ಡದಾಗಿಯೇ ಮಾಡುತ್ತಾರೆ. ಅದು ತಲೆಯ ಲೆಕ್ಕವಲ್ಲ, ಕೈಯ ರೂಢಿ. ಅಂಗಳದ ದೇಶವನ್ನೂ ಅವನ ಕೈ ಹಾಗೆಯೇ ಮಾಡಿತ್ತು, ಆದರೆ ಅದನ್ನು ಒಣಗಲು ಬಿಡದೆ ಹೆಂಡತಿ ಒದ್ದೆ ಗೋಣಿ ಹೊದಿಸಿ ಕಾಪಾಡಿದ್ದಳು. ಬೇರೆ ಕಸುಬಿನವನಾಗಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಹೆಂಗಸಿಗೂ ಅರ್ಥವಾಯಿತು, ಅವಳದೂ ಅದೇ ಕೈ ತಾನೇ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ನಿಂತ ಮೇಲೆ ಅವಳು ಹೇಳಿದಳು. "ಹಸಿ ಮಡಕೆ ದೊಡ್ಡದೇ, ಆದರೆ ಅದರಲ್ಲಿ ನೀರು ನಿಲ್ಲುವುದಿಲ್ಲ. ಸುಟ್ಟು ಬಂದ ಮೇಲೆ ಚಿಕ್ಕದಾಯಿತೆಂದು ಯಾರಾದರೂ ಒಡೆದು ಹಾಕುತ್ತಾರೆಯೇ? ನಾನು ಹುಟ್ಟಿ ಬೆಳೆದದ್ದು ಇಲ್ಲೇ. ಆ ಗುಡ್ಡದಾಚೆ ಒಮ್ಮೆಯೂ ಹೋಗಿಲ್ಲ, ಅಲ್ಲೇನಿದೆ ಎಂದು ಯಾರೂ ಹೀಗೆ ಕಟ್ಟಿ ತೋರಿಸಿರಲಿಲ್ಲ. ನನ್ನನ್ನು ಕರೆದುಕೊಂಡು ಹೋಗು."

ಆವಿಗೆ ಆರಿದ ಮೇಲೆ ಅವಳು ಬಟ್ಟೆಯ ಗಂಟು ಕಟ್ಟಿಕೊಂಡಳು. ಇಬ್ಬರೂ ಗುಡ್ಡ ಹತ್ತಿದರು. ಮುಂದೇನು ಎಂದು ಅವಳು ದಾರಿಯುದ್ದಕ್ಕೂ ಕೇಳುವಳು, ಇವನು ಹೇಳುವನು, ಅದು ಮುಕ್ಕಾಲು ಪಾಲು ತಪ್ಪಾಗುವುದು. ತಪ್ಪಾದಾಗಲೆಲ್ಲ ಅವರಿಗೆ ಇನ್ನಷ್ಟು ಖುಷಿ. ನೆತ್ತಿಯ ಮೇಲೆ ನಿಂತು ಕೆಳಗೆ ನೋಡಿದಾಗ, ವ್ಯಾಪಾರಿಯಾಗಲಿ ಊರಿನವರಾಗಲಿ ಯಾರೂ ಹೇಳದೆ ಬಿಟ್ಟದ್ದೊಂದು ಅಲ್ಲಿತ್ತು. ಚನ್ನವೀರ, ಅದೇನೆಂದು ನಾನು ಹೇಳುವುದಿಲ್ಲ, ಹೇಳಿದರೆ ಇವತ್ತೇ ನೀನು ಅದಕ್ಕೂ ಒಂದು ನಕ್ಷೆ ಅಂಟಿಸುತ್ತೀಯೆ. ಇಬ್ಬರೂ ಬಹಳ ಹೊತ್ತು ಅಲ್ಲೇ ಕೂತರು. ತೆಂಕಣ ಕಡಲು ಮುಟ್ಟಿದ ಮೇಲೆ ಅವಳು ತನ್ನ ಊರಿಗೆ ಹೋದಳು, ಇವನು ಹಡಗು ಹತ್ತಿದ.

ಕುಂಬಾರ ಮನೆಗೆ ಬಂದಾಗ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಹೇಗಿತ್ತು ಎಂದು ಕೇಳಲು ಅವಳಿಗೆ ಧೈರ್ಯ ಸಾಲದೆ ಅವನ ಮುಖವನ್ನೇ ನೋಡಿದಳು.

"ನಾವು ಕಟ್ಟಿದ್ದಕ್ಕಿಂತ ಚಿಕ್ಕದು," ಎಂದ ಅವನು. "ನಾಳೆಯಿಂದ ಮಣ್ಣು ನಾನು ತುಳೀತೀನಿ. ನೀನು ಹೊರಡು."

ಮರುದಿನ ಕೆರೆಯ ಏರಿಯ ಮೇಲೆ ಅವಳು ಚೀಲ ಹೊತ್ತು ನಡೆಯುತ್ತಿದ್ದಳು. ಸವಾರಿ ಎಲ್ಲಿಯವರೆಗೆ ಬಂತು ಎಂದು ಊರಿಗೆ ಊರೇ ಕೇಳುತ್ತಿತ್ತು.

ಗುರುಗಳು ಕತೆ ನಿಲ್ಲಿಸಿದರು. ಚನ್ನವೀರನ ಮುಖ ಅರಳಿತ್ತು, ಆದರೂ ಒಂದು ಮುಳ್ಳು ಉಳಿದಿತ್ತು. ಅವನು ಅದನ್ನೂ ಕೇಳಿಬಿಟ್ಟ. "ಆ ಹೆಂಗಸು ಗುಡ್ಡದಾಚೆಗೆ ಹೋಗದವಳು, ಅದಕ್ಕೆ ಅವನ ಮಾತು ನಂಬಿದಳು. ಎಲ್ಲ ನೋಡಿದವರಿಗೆ ನಾನು ಕಟ್ಟಿಕೊಂಡ ದೇಶ ಬರೀ ನಗೆಪಾಟಲು ಅಲ್ಲವೇ ಗುರುಗಳೇ? ಅದನ್ನು ಯಾರು ಕೂತು ಕೇಳುತ್ತಾರೆ?"

ಸನ್ಯಾಸಿಗಳು ಪೂರ್ವಾಶ್ರಮದ ಮಾತು ಎತ್ತುವ ಪದ್ಧತಿಯಿಲ್ಲ. ಗುರುಗಳ ಊರು ಯಾವುದು, ಮನೆಯವರು ಯಾರು ಎಂದು ಮಠದಲ್ಲಿ ಯಾರಿಗೂ ತಿಳಿದಿರಲಿಲ್ಲ, ಕೇಳಿದವರೂ ಇರಲಿಲ್ಲ. ಅವರು ತಮ್ಮ ಚಾಪೆಯ ಮೇಲೆ ಸ್ವಲ್ಪ ಸರಿದು ಶಿಷ್ಯನಿಗೆ ಜಾಗ ಮಾಡಿಕೊಟ್ಟರು.

"ನಾನು ಹುಟ್ಟಿ ನಡೆಯಲು ಕಲಿತದ್ದು ನೇಪಾಳದಲ್ಲೇ ಮಗು, ಬಾ ಕೂತುಕೋ, ಅದು ಹೇಗಿದೆ ಎಂದು ನನಗೆ ಹೇಳು."