ಸಂತೆಯ ಹೆಂಗಸರ ಶೌಚಾಲಯ

ಸಂತೆಯಲ್ಲಿ ಮಜ್ಜಿಗೆ ಮಾರುವ ದುಂಡವ್ವನ ಮುಂದೆ ನಿಂತು, ಅಲ್ಲಿನ ಶೌಚಾಲಯ ಕಟ್ಟಿಸಿದ್ದ ಎಂಜಿನಿಯರು ಗದರಿಸಿದ: "ಅಭಿವೃದ್ಧಿ ಅನುದಾನ ಹೇಗೆ ಖರ್ಚಾಗಿದೆ ಅಂತ ನೋಡೋಕೆ ಸರ್ಕಾರದಿಂದ ಮೇಡಂ ಬರ್ತಿದ್ದಾರೆ. ಹೆಂಗಸರ ಶೌಚಾಲಯ ಚೆನ್ನಾಗಿದೆ ಅನ್ನು. ಇಲ್ಲದಿದ್ರೆ ಈ ಜಾಗ ಖಾಲಿ ಮಾಡು."

ಆ ಶೌಚಾಲಯಕ್ಕೆ ಗೋಡೆ, ಬಣ್ಣ, ಬೀಗ ಎಲ್ಲ ಇತ್ತು. ಒಳಗೆ ಗುಂಡಿಯೇ ಇರಲಿಲ್ಲ. ಸಂತೆಯ ಹೆಂಗಸರು ದಿನವಿಡೀ ನೀರು ಕುಡಿಯದೆ ಕೂರುತ್ತಿದ್ದರು.

ಮೇಡಂ ಬಂದು ಕೇಳಿದಾಗ ದುಂಡವ್ವ, "ಭಾಳ ಚಲೋ ಐತ್ರಿ" ಅಂದಳು. ಎಂಜಿನಿಯರು ಹಿಗ್ಗಿದ. ಸುಡುಬಿಸಿಲು. ಅವಳು ಬಗ್ಗಿಸಿಕೊಟ್ಟ ತಣ್ಣನೆ ಮಜ್ಜಿಗೆಯನ್ನು ಇಬ್ಬರೂ ಗಟಗಟ ಕುಡಿದರು. ಅವಳು ಮತ್ತೆ ಬಗ್ಗಿಸಿದಳು, ಮಾತು ಬೆಳೆಸಿದಳು.

ಕೊನೆಗೆ ಮೇಡಂ ಮೆಲ್ಲಗೆ, "ಆ ಶೌಚಾಲಯ ಎಲ್ಲಿದೆ?" ಅಂದರು.

"ಅಲ್ಲೇ ಐತ್ರಿ. ಕೀಲಿ ಸಾಹೇಬರ ಕಡೆ ಐತಿ."

ಎಂಜಿನಿಯರು ಬೆವರಿದ. "ಮೇಡಂ, ಗೆಸ್ಟ್ ಹೌಸಿಗೇ ಹೋಗೋಣ."

"ಮೊದಲು ತೆಗೀರಿ!"

ಬಾಗಿಲು ತೆರೆಯಿತು. ಒಳಗೆ ಬರೀ ನೆಲ. ಮೇಡಂ ಸಿಟ್ಟಿನಿಂದ ದುಂಡವ್ವನತ್ತ ತಿರುಗಿದರು. "ಚೆನ್ನಾಗಿದೆ ಅಂದೆಯಲ್ಲ?"

"ಹಂಗ ಅನ್ನು ಅಂತ ಹೆದರಿಸಿದ್ರು, ಅಂದೆ. ನನ್ನ ಮಾತು ನಂಬಿ ನೀವು ಹೋಗಿಬಿಡಬಾರದು ಅಂತ ಮಜ್ಜಿಗಿ ಕುಡಿಸಿದೆ. ನಮ್ಮ ಸಂಕಟ ಈಗ ನಿಮಗೂ ತಿಳೀತಲ್ಲ?"

ಮೇಡಂ ಕಾರಿಗೆ ಓಡಿದರು. ಎಂಜಿನಿಯರೂ ಹಿಂದೆಯೇ ಓಡಿದ.

"ನೀವೆಲ್ಲಿಗೆ?" ಅಂದರು ಮೇಡಂ. "ಗುಂಡಿ ತೋಡಿ ಮುಗಿಯೋವರೆಗೂ ಇಲ್ಲೇ ನಿಂತಿರಿ."