ಹೊಸ್ತಿಲು ಒಡೆದ ಆಚಾರಿ

ಒಂದಾನೊಂದು ಕಾಲದಲ್ಲಿ, ಅಂದ್ರೆ ನನ್ನಜ್ಜಿಯ ಅಜ್ಜಿ ಇನ್ನೂ ಲಂಗ ಎತ್ಕೊಂಡು ನೀರಿಗಿಳೀತಿದ್ದ ಕಾಲದಲ್ಲಿ, ಹುಣಸೆಕೊಪ್ಪಲು ಅಂತ ಒಂದೂರಿತ್ತಂತೆ. ಊರ ಮುಂದೆ ಒಂದು ಹಳ್ಳ. ಕೊಚ್ಚೆ ಹಳ್ಳ ಅಲ್ಲ ಮಗಾ, ಬೆಟ್ಟದ ನೀರು. ತಳಕ್ಕೆ ಬಿದ್ದ ಮೂಗುಬಟ್ಟು ದಡದಿಂದಾನೇ ಕಾಣ್ತಿತ್ತಂತೆ, ಅಷ್ಟು ತಿಳಿ. ಮೊದಲ ಮಳೆಗೆ ನೀರು ಏರಿದ ಕೂಡ್ಲೆ ಕೆಳಗಿನ ದೊಡ್ಡ ಹೊಳೆಯಿಂದ ಮೀನುಗಳು ಹೊಟ್ಟೆ ತುಂಬ ಮೊಟ್ಟೆ ಹೊತ್ಕೊಂಡು ಈ ಹಳ್ಳ ಹತ್ತಿ ಬರ್ತಿದ್ವಂತೆ. ಬಂದು, ಊರ ಮೇಲ್ಗಡೆ ಮಡುವಿನಲ್ಲಿ ನುಣ್ಣನೆ ಕಲ್ಲುಗಳ ಸಂದೀಲಿ ಮೊಟ್ಟೆ ಇಟ್ಟು ಹೋಗ್ತಿದ್ವಂತೆ. ಹೆಣ್ಮಕ್ಕಳು ಹೆರಿಗೆಗೆ ತವರಿಗೆ ಬರಲ್ವಾ, ಹಂಗೆ. ಅದಕ್ಕೇ ಊರವರು ಅವನ್ನ ಮಗಳು-ಮೀನು ಅಂತಿದ್ರು, ಹಿಡೀತಿರ್ಲಿಲ್ಲ, ತಿಂತಿರ್ಲಿಲ್ಲ. ಅವು ಬಂದ ದಿನ ಹೆಂಗಸರೆಲ್ಲ ದಡಕ್ಕೆ ಹೋಗಿ ನೀರಿಗೆ ಮಡಿಲಕ್ಕಿ ಹಾಕಿ ಬರ್ತಿದ್ರಂತೆ.

ಆ ಹಳ್ಳಕ್ಕೆ ಒಂದು ಮರದ ಸೇತುವೆ ಇತ್ತು. ಗೆದ್ದಲು ತಿಂದು ತಿಂದು, ಮೇಕೆ ನಡೆದ್ರೂ ಕಿರುಗುಟ್ತಿತ್ತು, ಇನ್ನು ಗಾಡಿ ಮಾತೆಲ್ಲಿ ಬಂತು. ಊರ ಗೌಡ ಮರೀಗೌಡನಿಗೆ ಒಬ್ಬಳೇ ಮಗಳು, ಹೊನ್ನಿ ಅಂತ. ಹಳ್ಳದಾಚೆ ಊರಿಗೆ ಕೊಟ್ಟಿದ್ರು. ಅವಳು ಬಸುರಿ ಅಂತ ಸುದ್ದಿ ಬಂತು. ಮೊದಲ ಹೆರಿಗೆ, ತವರಲ್ಲೇ ಆಗ್ಬೇಕು. ಬಸುರಿ ಹೆಂಗ್ಸನ್ನ ಆ ಲಡ್ಡು ಹಿಡಿದ ಸೇತುವೆ ಮೇಲೆ ಕರ್ಕೊಂಡು ಬರೋದು ಹೆಂಗೆ? ಆಮೇಲೆ ಗೌಡ ಕಲ್ಲುಕೆಲಸದ ಮುದಿ ಆಚಾರಿಗೆ ಹೇಳಿಕಳಿಸಿದ್ನಂತೆ. ಮುದುಕ ಏಳೋ ಸ್ಥಿತೀಲಿರ್ಲಿಲ್ಲ, ಮೂರು ಜನ ಗಂಡುಮಕ್ಕಳನ್ನ ಕಳಿಸಿದ. ಗೌಡ ಹೇಳಿದ್ನಂತೆ, ನೋಡ್ರಪ್ಪಾ, ಮರದ ಸೇತುವೆ ತೆಗೆದು ಕಲ್ಲಿಂದು ಕಟ್ಟಿ. ನನ್ನ ಮಗಳು ಅದರ ಮೇಲೆ ಬರ್ಬೇಕು, ಊರಿನ ಮಗಳು-ಮೀನುಗಳು ಅದರ ಕೆಳಗೆ ಬರ್ಬೇಕು. ಎರಡರಲ್ಲಿ ಒಂದು ತಪ್ಪಿದ್ರೂ ಉಳಿ ಸುತ್ತಿಗೆ ನನ್ನ ಜಗಲಿ ಮೇಲಿಟ್ಟು ನಡೀರಿ. ಉಳಿ ಸುತ್ತಿಗೆ ಬಿಟ್ಟ ಆಚಾರಿ ಅಂದ್ರೆ ಹಲ್ಲು ಕಿತ್ತ ಹಾವು, ಯಾರೂ ಮೂಸಿ ನೋಡಲ್ಲ.

ದೊಡ್ಡವನು ಅವಸರದವನು. ಹಳೆ ಸೇತುವೆ ಕಿತ್ತು ಲಡ್ಡು ಮರಾನೆಲ್ಲ ನೀರಿಗೇ ನೂಕಿದ, ಹಳ್ಳಕ್ಕೆ ಅಡ್ಡ ಮಣ್ಣು ಸುರಿದು ಏರಿ ಹಾಕ್ದ. ನೀರು ಸುಮ್ನಿರುತ್ತಾ? ಏರಿ ಕೊಚ್ಕೊಂಡು ಹೋಗಿ ಹಳ್ಳವೆಲ್ಲ ರಾಗಿ ಅಂಬಲಿ ಆಯ್ತಂತೆ. ಕಲ್ಲಿನ ಸಂದಿ ಸಂದೀಲೂ ಕೆಸರು ಕೂತ್ಬಿಡ್ತು. ಮುದುಕಿಯರು ನೀರಿಗೆ ಕೈಹಾಕಿ ನೋಡಿ, ಅಯ್ಯೋ, ಬಾಣಂತಿ ಹಾಸಿಗೆ ತುಂಬ ಮಣ್ಣು ಸುರಿದವ್ನಲ್ಲಾ ಅಂದ್ರಂತೆ. ದೊಡ್ಡವನ ಉಳಿ ಸುತ್ತಿಗೆ ಜಗಲಿ ಸೇರ್ತು. ಊರವರು ಬುಟ್ಟಿ ತಗೊಂಡು ಕೆಸರು ಎತ್ತಿ ಎತ್ತಿ ಸೊಂಟ ಹಿಡ್ಕೊಂಡ್ರು.

ಆಮೇಲೆ ನಡುವಿನವನು ಬಂದ. ಅಣ್ಣನ ಹಾಗೆ ಮಣ್ಣು ಮುಟ್ಟಲ್ಲ ಅಂದ. ಮಣ್ಣೇನೋ ಮುಟ್ಟಲಿಲ್ಲ, ಆದ್ರೆ ನೀರು ಹತ್ತಿರ ಅಂತ ಸುಣ್ಣ ದಡದಲ್ಲೇ ಅರಳಿಸಿದ, ಗಾರೆ ಬಾಣಲೆ ಹಳ್ಳದಲ್ಲೇ ತೊಳೆದ. ಸುಡು ಸುಣ್ಣ ಮಗಾ, ನಿನ್ನ ನಾಲಿಗೆ ಮೇಲೆ ಚೂರು ಬಿದ್ರೆ ಏನಾಗುತ್ತೆ ಹೇಳು. ಹೋದ ವರ್ಷದ ಮರಿಗಳಲ್ಲಿ ಮುಕ್ಕಾಲು ಪಾಲು ಬೆಳ್ಳಗೆ ಹೊಟ್ಟೆ ಮೇಲೆ ಮಾಡ್ಕೊಂಡು ತೇಲಿದ್ವಂತೆ. ಊರವರು ಅವನ್ನ ಎತ್ತಿ ಮಣ್ಣು ಮಾಡಿ, ಮನೇಲಿ ಸಾವಾದಂಗೆ ತಲೆ ಮೇಲೆ ನೀರು ಹುಯ್ಕೊಂಡ್ರಂತೆ. ಅವನ ಉಳಿ ಸುತ್ತಿಗೇನೂ ಜಗಲಿ ಸೇರ್ತು.

ಈಗ ಹಳೇದೂ ಇಲ್ಲ, ಹೊಸದೂ ಇಲ್ಲ. ಹೊನ್ನಿಗೆ ತಿಂಗಳು ತುಂಬ್ತಾ ಬಂತು. ಆಚೆ ದಡದಲ್ಲಿ ನಿಂತು ಅವಳು, ಅವ್ವಾ, ಯಾವಾಗ ಬರ್ಲಿ ಅಂತ ಕೂಗೋಳು. ಈಚೆಯಿಂದ ಅವಳವ್ವ ಸೆರಗಲ್ಲಿ ಕಣ್ಣೊರೆಸ್ಕೊಂಡು, ಇನ್ನೇನು ಬಂದೇಬಿಡ್ತೀಯ ಕಣವ್ವಾ ಅನ್ನೋಳು.

ಉಳಿದವನು ಕಿರಿಯ, ಸಿದ್ದಾಚಾರಿ. ಅವನು ಬಂದವನೇ ಕಲ್ಲು ಮುಟ್ಟಲಿಲ್ಲವಂತೆ, ದಡದ ಮೇಲೆ ಕೂತು ನೀರು ನೋಡ್ತಾ ವೀಳ್ಯ ಹಾಕ್ಕೊಂಡ. ಇವನೂ ಹೋದ ಅಂದ್ಕೊಂಡ್ರು ಊರವರು. ಆಮೇಲೆ ಎದ್ದು ಹಳ್ಳದ ಪಕ್ಕ ಒಂದು ಕಾಲುವೆ ತೋಡಿದ, ಒಳಗೆಲ್ಲ ಕಲ್ಲು ಹಾಸಿದ, ಹಳ್ಳಾನ ಮೆಲ್ಲಗೆ ಅದರೊಳಕ್ಕೆ ತಿರುಗಿಸಿದ. ನೀರಿಳಿದ ಹಳ್ಳದ ಗುಂಡೀಲಿ ಉಳಿದ ಮರಿಗಳನ್ನ ಒದ್ದೆ ಪಂಚೇಲಿ ಎತ್ತಿ, ಕೊಡದಲ್ಲಿ ಹೊತ್ತು ಮೇಲಿನ ಮಡುವಿಗೆ ಬಿಟ್ಟ. ಹರಿದು ಬಂದ ಕೆಸರು ತಡೆಯೋಕೆ ಕೆಳಗಡೆ ಹುಲ್ಲಿನ ಕಂತೆ ಒತ್ತಿ ಕಟ್ಟಿದ. ಸುಣ್ಣ ಅರಳಿಸೋದು, ಬಾಣಲೆ ತೊಳೆಯೋದು ಎಲ್ಲ ಗುಡ್ಡದಾಚೆ. ಗಾರೆ ಕಲ್ಲಾಗೋ ತನಕ ಒಂದು ಹನಿ ನೀರು ಆ ಕಡೆ ಬಿಡ್ಲಿಲ್ಲ. ಸೇತುವೆಯ ಕಲ್ಲು ಕಮಾನು ನಿಂತ ದಿನ ಗೌಡನ ಮುಖ ಅರಳ್ತು.

ಸಾಕಿತ್ತು ಮಗಾ, ಅಲ್ಲಿಗೇ ಸಾಕಿತ್ತು. ಆದ್ರೆ ಸಿದ್ದನಿಗೆ ಅಪ್ಪ ಹೇಳಿಕೊಟ್ಟ ಒಂದು ಮಾತಿತ್ತು, ಹೊಸ್ತಿಲಿಲ್ಲದ ಬಾಗಿಲು ಬಾಗಿಲಲ್ಲ ಅಂತ. ಅವನು ಕಮಾನು ನೋಡಿದ. ಇದು ಮಗಳು-ಮೀನಿನ ತವರು ಬಾಗಿಲು ತಾನೆ, ಹೊಸ್ತಿಲು ಬೇಡ್ವಾ ಅಂದ್ಕೊಂಡ. ಕರೀಕಲ್ಲು ತಂದು, ನಡುವೆ ತಾವರೆ ಕೆತ್ತಿ, ಕಮಾನಿನ ಕೆಳಗೆ ಮೊಣಕಾಲೆತ್ತರ ಹೊಸ್ತಿಲು ಕೂರಿಸಿ, ಅರಿಶಿನ ಕುಂಕುಮ ಇಟ್ಟು ಪೂಜೆ ಮಾಡಿದ. ಆಮೇಲೆ ಹಳ್ಳಾನ ಹಳೇ ದಾರಿಗೆ ಬಿಟ್ಟ. ನೀರು ತಾವರೆ ಮೇಲೆ ಜಾರಿ ಬಿಳೀ ಸೀರೆ ಇಳಿಬಿಟ್ಟಂಗೆ ಬಿತ್ತಂತೆ. ನೋಡಿದವರೆಲ್ಲ ಭೇಷ್ ಅಂದ್ರು. ಅವನ ಜೀವಮಾನದಲ್ಲಿ ಅಂಥ ಕಲ್ಲು ಅವನು ಕೆತ್ತಿರಲಿಲ್ಲ.

ಆಮೇಲೆ ಮಳೆ ಹುಯ್ತು. ಹೊನ್ನಿ ಗಾಡಿ ಹತ್ತಿದ್ಲು. ಹೆಂಗಸರು ಮೊರದಲ್ಲಿ ಅಕ್ಕಿ ಇಟ್ಕೊಂಡು ದಡಕ್ಕೆ ಬಂದ್ರು, ಒಂದೇ ದಿನ ಎರಡು ತರ ಮಕ್ಕಳು ಮನೆಗೆ ಬರೋದು ಅಂತ. ಮೀನೂ ಬಂದ್ವು. ಬಂದು ಹಾರಿದ್ವು, ಹೊಸ್ತಿಲಿಗೆ ಬಡಿದು ಬಿದ್ವು. ಮತ್ತೆ ಹಾರಿದ್ವು, ಮತ್ತೆ ಬಿದ್ವು. ಕರೀಕಲ್ಲಿಗೆ ಮೀನಿನ ಮೈಮೇಲಿನ ಹುರುಪೆ ಅಂಟಿತ್ತಂತೆ, ನೀರಲ್ಲಿ ರಕ್ತ.

ಹೊನ್ನಿ ಗಾಡಿ ಸೇತುವೆ ನಡುವೆ ಬಂದಿತ್ತು. ಅವಳು ಕೆಳಗೆ ಬಗ್ಗಿ ನೋಡಿದ್ಲು. ನೋಡಿ, ಗಾಡಿ ನಿಲ್ಲಿಸಿ ಅಂದ್ಲು. ಇಳಿದು ಕಲ್ಲಿನ ಮೇಲೆ ಕೂತ್ಬಿಟ್ಲು. ಗೌಡ ಓಡಿ ಬಂದ, ಏಳವ್ವಾ ಅಂದ. ಅದಕ್ಕೆ ಹೊನ್ನಿ ಹೇಳಿದ್ಲಂತೆ, ಅಪ್ಪಾ, ನನ್ನಂಗೇ ಹೊಟ್ಟೆ ಹೊತ್ಕೊಂಡು ಬಂದೋರು ಬಾಗಿಲಲ್ಲಿ ತಲೆ ಚಚ್ಕೊಂತಾವ್ರೆ. ಅವರನ್ನ ದಾಟ್ಕೊಂಡು ನಾನೊಬ್ಳೇ ಹೆಂಗೆ ಒಳಕ್ಕೆ ಬರ್ಲಿ? ಅವಳವ್ವ ಗೋಗರೆದ್ಲು, ಅತ್ತಳು. ಅಷ್ಟರಲ್ಲಿ ಹೊನ್ನಿಗೆ ನೋವು ಶುರುವಾಯ್ತು. ಹಲ್ಲು ಕಚ್ಕೊಂಡಳೇ ಹೊರ್ತು ಎದ್ದೇಳಲಿಲ್ಲ.

ಸಿದ್ದ ನೀರಿಗೆ ಹಾರಿ ಬಾಚಿ ಬಾಚಿ ಮೀನೆತ್ತಿ ಹೊಸ್ತಿಲು ದಾಟಿಸೋಕೆ ನೋಡಿದ. ನೂರಾರು ಮೀನು, ಎರಡು ಕೈ. ಎತ್ತಿದ್ದು ಜಾರಿ ಬೀಳ್ತು. ಎಲ್ಲರ ಕಣ್ಣೂ ಅವನ ಮೇಲೆ. ತಾನೇ ಇಟ್ಟು ಪೂಜೆ ಮಾಡಿದ ಹೊಸ್ತಿಲು ಒಡೆದ ಆಚಾರಿಯನ್ನ ಯಾರೂ ಬಾಗಿಲು ಕಟ್ಟೋಕೆ ಕರೆಯಲ್ಲ, ಅಪಶಕುನ, ಅದು ಅವರ ಕುಲದಲ್ಲೇ ಬಂದ ಮಾತು. ಅವನಿಗೆ ಗೊತ್ತಿತ್ತು. ತಾವರೆ ಮೇಲೆ ಒಂದ್ಸಲ ಕೈ ಆಡಿಸಿದ. ಆಮೇಲೆ ಸುತ್ತಿಗೆ ಎತ್ತಿ ನಡುಮಧ್ಯಕ್ಕೇ ಹೊಡೆದ.

ಕಲ್ಲು ಎರಡಾಯ್ತು. ಆ ಬಿರುಕಲ್ಲಿ ನೀರು ನುಗ್ಗಿತು. ಬರಿಗೈಲಿ ಮನೆಗೆ ಹೋಗೋಕೆ ಮುಖವಿಲ್ಲದೆ ಗೌಡನ ಜಗಲಿ ಮೇಲೇ ಕೂತಿದ್ದ ಅಣ್ಣಂದಿರೂ ಓಡಿ ಬಂದು, ಹಳ್ಳದ ಗುಂಡುಕಲ್ಲನ್ನೇ ಮೆಟ್ಟಿಲು ಮೆಟ್ಟಿಲಾಗಿ ಉರುಳಿಸಿ ಕೂರಿಸಿದ್ರು. ಒಂದು ಮೀನು ಹತ್ತಿತು. ಆಮೇಲೆ ಇನ್ನೊಂದು. ಆಮೇಲೆ ಎಣಿಸೋರ್ಯಾರು, ಹಳ್ಳಕ್ಕೆ ಹಳ್ಳವೇ ಬೆನ್ನು ಹೊಳೆಸ್ಕೊಂಡು ಮೇಲಕ್ಕೆ ಹೊರಟಂಗಿತ್ತಂತೆ. ಹೆಂಗಸರು ಅಕ್ಕಿ ಎರಚಿದ್ರು. ಹೊನ್ನಿ ಆಗ ಅವ್ವನ ಹೆಗಲು ಹಿಡ್ಕೊಂಡು ಎದ್ಲು. ಮನೆ ಸೇರಿದ ಸ್ವಲ್ಪ ಹೊತ್ತಿಗೇ ಹೆರಿಗೆ ಆಯ್ತು, ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ರು.

ಇನ್ನು ಸಿದ್ದ. ಬೆಳಿಗ್ಗೆ ಎದ್ದು ಜಗಲಿ ಮೇಲೆ ಅಣ್ಣಂದಿರ ಉಳಿ ಸುತ್ತಿಗೆ ಪಕ್ಕದಲ್ಲಿ ತನ್ನದನ್ನೂ ಇಟ್ಟು ಹೊರಟ್ನಂತೆ. ಗೌಡ ಮೂರು ಜೊತೇನೂ ಮೂವರ ಕೈಗೆ ಕೊಟ್ಟು, ಎಲ್ಲಿಗ್ರಪ್ಪಾ ಹೊರಟ್ರಿ, ಮಗಳು ತೊಟ್ಟಿಲು ಹಾಕೋಕೆ ಹೊಸ ಕೋಣೆ ಬೇಕು ಅಂತಾಳೆ, ಬಾಗಿಲು ನೀನೇ ಇಡ್ಬೇಕಂತೆ ಸಿದ್ದಾ ಅಂದ. ಹೊಸ್ತಿಲು ಒಡೆದ ಕೈ ಗೌಡ್ರೇ ಅಂದ ಸಿದ್ದ. ಅದಕ್ಕೇ ಬೇಕಂತೆ ಅಂದ ಗೌಡ. ಆಮೇಲಿಂದ ಸುತ್ತಲ ಊರವರು ಮನೆ ಕಟ್ಟಿದ್ರೆ, ಹೊಸ್ತಿಲು ಒಡೆದ ಆಚಾರೀನೇ ಬಂದು ಹೊಸ್ತಿಲಿಡ್ಲಿ ಅಂತ ಕಾಯ್ತಿದ್ರಂತೆ.

ಆ ತಾವರೆಯ ಅರ್ಧ ಕಲ್ಲು ಅಲ್ಲೇ ದಡದಲ್ಲಿ ಬಟ್ಟೆ ಒಗೆಯೋ ಕಲ್ಲಾಯ್ತು. ಇವತ್ತಿಗೂ ಆ ಊರಲ್ಲಿ ಹೆರಿಗೆಗೆ ಬರೋ ಮಗಳ ಗಾಡಿ ಸೇತುವೆ ನಡುವೆ ನಿಲ್ಲುತ್ತಂತೆ. ಅವಳು ಕೆಳಗೆ ಬಗ್ಗಿ, ಅಕ್ಕಂದಿರು ಬಂದ್ರಾ ಅಂತ ಕೇಳ್ತಾಳಂತೆ. ಬಂದ್ರು ಕಣವ್ವಾ, ನೀನೂ ಬಾ ಅಂತಾರಂತೆ.

ಮೀನು ಮಡುವಿಗೆ, ಮಗಳು ಮನೆಗೆ, ನೀನು ಕಂಬಳಿಯೊಳಗೆ. ಕತೆ ಮುಗೀತು, ಕಣ್ಮುಚ್ಚು.