ಆರು ದೆವ್ವ, ಒಂದು ಕೊಸರು

ಒಂದಾನೊಂದು ಊರು. ಊರಿಗೆಲ್ಲ ಒಂದೇ ಬಾವಿ. ಅಲ್ಲಿಯ ಜನಕ್ಕೆ ಒಂದು ಹುಚ್ಚು ನಂಬಿಕೆ: ಎಣಿಸುವಾಗ ‘ಏಳು’ ಅನ್ನಬಾರದು. ಅಂದರೆ ರಾಶಿ ಮೇಲೆ ಕೂತ ಲಕ್ಷ್ಮಿ ಎದ್ದು ಹೋಗುತ್ತಾಳಂತೆ. ಅದಕ್ಕೇ ಐದು, ಆರು, ಆರರ ಮೇಲೊಂದು, ಎಂಟು ಅಂತ ಎಣಿಸುತ್ತಿದ್ದರಂತೆ. ಏಳರ ಮಗ್ಗಿ ಯಾರಿಗೂ ಬರುತ್ತಿರಲಿಲ್ಲ.

ಒಂದು ದಿನ ಬೆಳಗಾಗುವಷ್ಟರಲ್ಲಿ ಆರು ದೆವ್ವ ಬಂದು ಬಾವಿಕಟ್ಟೆ ಸುತ್ತ ಕೂತುಬಿಟ್ಟವಂತೆ. ಒಂದೊಂದರ ಹಣೆ ಮೇಲೂ ಒಂದೊಂದು ಅಂಕಿ: ಒಂದು, ನಾಲ್ಕು, ಎರಡು, ಎಂಟು, ಐದು, ಕೊನೆಯದು ಏಳು. ಸಾಲಾಗಿ ಓದಿದರೆ ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು.

“ನಮ್ಮನ್ನ ಗುಣಿಸಿ ನೋಡ್ರಿ. ಅಂಕಿ ಬೇರೆ ಆದ್ರೆ ಏಳ್ತೀವಿ. ಅಲ್ಲೀತನಕ ಹನಿ ನೀರಿಲ್ಲ” ಅಂದವಂತೆ ದೆವ್ವಗಳು.

ಶ್ಯಾನುಭೋಗ ವೆಂಕಪ್ಪಯ್ಯ ಬಂದ. ಎರಡರಿಂದ ಗುಣಿಸಿದ. ಎರಡು, ಎಂಟು, ಐದು, ಏಳು, ಒಂದು, ನಾಲ್ಕು. ಅವೇ ದೆವ್ವ, ಅದೇ ಸುತ್ತು, ಬರೀ ಜಾಗ ಸರಿದಿತ್ತು. ಮೂರರಿಂದ ಗುಣಿಸಿದ, ಅವೇ. ನಾಲ್ಕು, ಐದು, ಆರು, ಅವೇ ಅವೇ ಅವೇ. ರೂಢಿಯಂತೆ ಒಂದು ಹಾರಿ ಎಂಟಕ್ಕೆ ಹೋದ. ಮುಂದೆ ಒಂದು ಅಂಕಿ ಹೆಚ್ಚಾಯಿತು, ಕೊನೆಗೆ ಆರು ಬಂತು. ದೆವ್ವಗಳು ಹೆಚ್ಚಾದ ಒಂದನ್ನು ಕಿತ್ತು ಆ ಆರಕ್ಕೆ ಸೇರಿಸಿ, ಮೊದಲಿನ ಹಾಗೇ ಕೂತು ಕಾಲಾಡಿಸಿದವಂತೆ. ವೆಂಕಪ್ಪಯ್ಯ ಬೆವರು ಒರೆಸಿಕೊಂಡ.

ಅಷ್ಟರಲ್ಲಿ ದ್ಯಾವಮ್ಮ ಕೊಡ ಹೊತ್ತು ಬಂದಳು. ಅಳತೆ ಮುಗಿದ ಮೇಲೆ ಕೊಸರು ಅಂತ ಒಂದು ಹಿಡಿ ಹೆಚ್ಚಿಗೆ ಹಾಕಿಸಿಕೊಳ್ಳದೆ ಯಾವ ಅಂಗಡಿಯನ್ನೂ ಬಿಟ್ಟವಳಲ್ಲ. ಅವಳ ಮಗಳು ಆಗತಾನೆ ಹೆತ್ತಿದ್ದಳು. ಮನೆಯಲ್ಲಿ ನೀರಿಲ್ಲ, ಕೂಸಿನ ಮೈ ತೊಳೆದಿಲ್ಲ. ಮುದುಕಿಗೆ ಹೊಟ್ಟೆ ಉರಿಯುತ್ತಿತ್ತು. ಅಂಕಿ ಯಾರಿಗೆ ಬೇಕು? ಮುಂದಿದ್ದ ದೆವ್ವಕ್ಕೆ ಕೈ ತೋರಿಸಿ ಕಿರುಚಿದಳಂತೆ:

“ಥೂ, ಮೂದೇವಿ! ಏಳು! ಅಲ್ಲಿ ಬಾಣಂತಿ ಬಾಯಾರಿ ಬಿದ್ದವಳೆ, ಏಳು ಅಂದೆ!”

ದೆವ್ವಗಳ ಮುಖ ಬಿಳಿಚಿತು. ಏಳು ಅಂದಮೇಲೆ ಏಳರಿಂದ ಗುಣಿಸಿದ ಹಾಗೆಯೇ. ಒಂದೂ ಹೋಯಿತು, ನಾಲ್ಕೂ ಹೋಯಿತು. ಆರೂ ಹಣೆ ಮೇಲೆ ಒಂಬತ್ತು, ಒಂಬತ್ತು, ಒಂಬತ್ತು! ಆರೂ ಎದ್ದು ನಿಂತವು. ಆದರೆ ಹೋಗಲಿಲ್ಲ.

“ಏಳ್ತೀವಿ ಅಂದಿದ್ವಿ, ಎದ್ದಿದ್ದೀವಿ. ಹೋಗ್ತೀವಿ ಅಂದಿರ್ಲಿಲ್ಲವಲ್ಲ!”

“ಅದಿರ್ಲಿ, ಕೊಸರೆಲ್ಲಿ? ಇನ್ನೊಂದು ಹಾಕ್ರಿ” ಅಂದಳಂತೆ ದ್ಯಾವಮ್ಮ.

“ಒಂದು ತಾನೆ? ತಗೋ” ಅಂತ ನಕ್ಕು, ಕೊನೆಯ ದೆವ್ವ ತನ್ನ ಒಂಬತ್ತಕ್ಕೆ ಒಂದು ಸೇರಿಸಿತು. ಹತ್ತಾಯಿತು. ಹಣೆ ಮೇಲೆ ಸೊನ್ನೆ ಉಳಿದು ದಶಕ ಪಕ್ಕದವನಿಗೆ ಹೋಯಿತು. ಅವನೂ ಸೊನ್ನೆ. ಅವನ ಪಕ್ಕದವನೂ ಸೊನ್ನೆ. ಹೀಗೆ ಆರೂ ಸೊನ್ನೆಯಾಗಿ, ಕಟ್ಟೆ ಮೇಲೆ ಏನೂ ಇರಲಿಲ್ಲ. ಕೂರಲು ಜಾಗವಿಲ್ಲದೆ ಉಳಿದ ಒಂದು, ದ್ಯಾವಮ್ಮನ ಕೊಡದೊಳಗೆ ಠಣ್ ಅಂತ ಬಿತ್ತಂತೆ.

ಅದರ ಮೇಲೇ ನೀರು ತುಂಬಿಕೊಂಡು ಹೋಗಿ ಕೂಸಿಗೆ ಎರೆದಳು. ಕೂಸಿಗೆ ಕೊಸರವ್ವ ಅಂತಲೇ ಹೆಸರಾಯಿತು.

ಆ ಊರಲ್ಲಿ ರಾಶಿ ಅಳೆಯುವಾಗ ಈಗಲೂ ಏಳು ಅನ್ನುವುದಿಲ್ಲವಂತೆ. ಬಾವಿಗೆ ಬಂದ ಹೆಂಗಸರು ಮಾತ್ರ ಮೊದಲ ಕೊಡಕ್ಕೇ ‘ಏಳು’ ಅನ್ನುತ್ತಾರಂತೆ. ಅವರು ಅಲ್ಲಿ ನೀರು ಸೇದಿಕೊಂಡು ಸುಖವಾಗಿದ್ದಾರೆ, ನಾವು ಇಲ್ಲಿ ಮಗ್ಗಿ ಹೇಳಿಕೊಂಡು ಕೂತಿದ್ದೇವೆ.